ಹುರುಳಿ ಸಾರದಲ್ಲಿ ಕಿಣ್ವವನ್ನು ತಡೆಯುವ ಪೀಕ್ ಯಾವುದು?

ಧಾರವಾಡದಲ್ಲಿ ಎಂ.ಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೀರಿ, ಹುರುಳಿಯಿಂದ ತೆಗೆದ ಮೆಥನಾಲ್ ಸಾರ ಪಿಷ್ಟವನ್ನು ಗ್ಲುಕೋಸ್ ಮಾಡುವ ಆಲ್ಫಾ ಗ್ಲುಕೋಸಿಡೇಸ್ ಕಿಣ್ವವನ್ನು ಚೆನ್ನಾಗಿ ತಡೆಯುತ್ತಿದೆ, ಆದರೆ ಮಾಸ್ ಸ್ಪೆಕ್ (ಅಣುಗಳ ತೂಕ ಅಳೆಯುವ ಯಂತ್ರ) ವರದಿಯಲ್ಲಿ ನೂರಾರು ಪೀಕ್, ಅಂದರೆ ಒಂದೊಂದು ತೂಕಕ್ಕೆ ಏಳುವ ಗೆರೆಗಳು ಇವೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ನಾನೂ ಅದೇ ಊರಲ್ಲಿ ಅದೇ ಗುಂಡಿಗೆ ಬಿದ್ದು ಎದ್ದವನು.

ಗದಗದಿಂದ ಅವ್ವ ಕಟ್ಟು ಮಾಡ್ಕೋ ಅಂತ ಕೊಟ್ಟ ಹುರುಳಿಯನ್ನೇ ಪುಡಿ ಮಾಡಿ ಸಾರ ತೆಗೆದಿದ್ದೆ. ವರದಿ ಬಂತು. ಎಲ್ಲಕ್ಕಿಂತ ಎತ್ತರದ ಪೀಕ್ 391.28. ಹೊಸದೇನೋ ಸಿಕ್ಕಿತು ಅಂತ ಎರಡು ದಿನ ಹಿಗ್ಗಿದೆ. ಆಮೇಲೆ ಸುಮ್ನೆ ಬರೀ ಮೆಥನಾಲ್ ಓಡಿಸಿ ನೋಡಿದರೆ ಅದರಲ್ಲೂ ಅದೇ ಪೀಕ್! ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಥಾಲೇಟ್ ಅದು, ನಾನು ಬಳಸಿದ ಟ್ಯೂಬಿನಿಂದ ಇಳಿದು ಬಂದಿತ್ತು. ಅದಕ್ಕೇ ಮೊದಲು ಬ್ಲ್ಯಾಂಕ್, ಅಂದರೆ ಸಾರವಿಲ್ಲದ ಬರೀ ಮೆಥನಾಲ್ ಓಡಿಸಿ. ಅದರಲ್ಲಿ ಕಂಡದ್ದನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿ. ಸಾರವನ್ನು ಗಾಜಿನ ವೈಯಲ್‌ನಲ್ಲೇ ಇಡಿ.

ಸಾಫ್ಟ್‌ವೇರ್ ಕೊಡುವ ಹೆಸರನ್ನೂ ಪೂರ್ತಿ ನಂಬಬೇಡಿ. ಯಂತ್ರ ಅಳೆಯೋದು ತೂಕ, ಹೆಸರಲ್ಲ. ಗಿಡಗಳಲ್ಲಿ ಸಿಗುವ ಕ್ಯಾಂಫೆರಾಲ್, ಲುಟಿಯೋಲಿನ್ ಬೇರೆ ಬೇರೆ ಅಣುಗಳು, ಆದರೂ ನೆಗೆಟಿವ್ ಮೋಡ್‌ನಲ್ಲಿ (ಋಣ ಚಾರ್ಜ್ ಕೊಟ್ಟು ನೋಡಿದಾಗ) ಎರಡೂ 285.04. ಹೆಸರುಕಾಳಿನ ವಿಟೆಕ್ಸಿನ್, ಐಸೋವಿಟೆಕ್ಸಿನ್ ಎರಡೂ 431.10. ಅಣು ಒಡೆದಾಗ ಏನು ಕಳಚಿತು ಅನ್ನೋದು ಸ್ವಲ್ಪ ದಾರಿ ತೋರಿಸುತ್ತದೆ: 162 ಕಡಿಮೆಯಾದರೆ ಆಮ್ಲಜನಕದ ಮೂಲಕ ಅಂಟಿದ ಗ್ಲುಕೋಸ್‌ನಂಥ ಸಕ್ಕರೆ ಬಿದ್ದಿರಬಹುದು, 120 ಮತ್ತು 90 ಕಡಿಮೆಯಾದರೆ ಸಕ್ಕರೆ ನೇರವಾಗಿ ಇಂಗಾಲಕ್ಕೇ ಅಂಟಿರುವ ಲಕ್ಷಣ. ಕೊನೆಗೆ ಸ್ಟ್ಯಾಂಡರ್ಡ್, ಅಂದರೆ ಆ ಅಣುವಿನ ಶುದ್ಧ ಮಾದರಿ ತಂದು ಅದೇ ಕಾಲಂನಲ್ಲಿ (ಸಾರದ ಅಣುಗಳನ್ನು ಬೇರ್ಪಡಿಸುವ ಕೊಳವೆ) ಓಡಿಸಲೇಬೇಕು. ಹೊರಬರುವ ನಿಮಿಷವೂ ಒಡೆಯುವ ರೀತಿಯೂ ಹೊಂದಿದರೆ ಮಾತ್ರ ಹೆಸರು ಬರೆಯಿರಿ.

ಇಷ್ಟಾದರೂ ಆ ಅಣುವೇ ಕಿಣ್ವವನ್ನು ತಡೆಯುತ್ತಿದೆ ಅಂತ ಆಗಲಿಲ್ಲ, ಅಲ್ವಾ? ನನಗೆ ಕೈಹಿಡಿದದ್ದು ಫಿಲ್ಟರ್ ಉಪಾಯ. ಸಾರವನ್ನು ಕಿಣ್ವದ ಜೊತೆ ಸ್ವಲ್ಪ ಹೊತ್ತು ಬಿಟ್ಟು, 30 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ (ಅದಕ್ಕಿಂತ ಭಾರದ ಅಣುಗಳನ್ನು ತಡೆಯುವ ಜರಡಿ) ಹಾಕಿ ಸೆಂಟ್ರಿಫ್ಯೂಜ್ ಮಾಡಿ. ಕಿಣ್ವವೂ ಅದಕ್ಕೆ ಅಂಟಿದ್ದೂ ಮೇಲೆ ಉಳಿಯುತ್ತವೆ, ಉಳಿದ ಚಿಕ್ಕ ಅಣುಗಳು ಕೆಳಗಿಳಿಯುತ್ತವೆ. ಬಫರ್‌ನಲ್ಲಿ ತೊಳೆದು, ಮೆಥನಾಲ್ ಹಾಕಿ ಅಂಟಿದ್ದನ್ನು ಬಿಡಿಸಿ, ಅದನ್ನು ಮಾಸ್ ಸ್ಪೆಕ್‌ಗೆ ಕೊಡಿ. ಜೊತೆಗೆ ಕುದಿಸಿ ಕೆಡಿಸಿದ ಕಿಣ್ವದಲ್ಲೂ ಇದನ್ನೇ ಮಾಡಿ. ಕೆಡದ ಕಿಣ್ವದಲ್ಲಿ ಜಾಸ್ತಿ, ಕೆಟ್ಟದ್ದರಲ್ಲಿ ಕಡಿಮೆ ಕಂಡ ಪೀಕ್‌ಗಳ ಹಿಂದೆ ಬೀಳಿ. ನನಗೆ ನೂರಾರು ಇದ್ದದ್ದು ಏಳಕ್ಕೆ ಇಳಿಯಿತು. ಆ ಏಳನ್ನೂ ಒಂದೊಂದಾಗಿ ಕಿಣ್ವದ ಮೇಲೆ ಪರೀಕ್ಷಿಸಬೇಕಾಯಿತು, ಅದು ಬೇರೆ ಮಾತು.

ಹುರುಳಿ ಸಿಪ್ಪೆಯ ಟ್ಯಾನಿನ್ ಮಾತ್ರ ದೊಡ್ಡ ತರಲೆ. ಅದು ಯಾವ ಪ್ರೋಟೀನ್ ಸಿಕ್ಕರೂ ಅಂಟಿಕೊಳ್ಳುತ್ತದೆ. ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿಪಿ ಪುಡಿ ಹಾಕಿ, ಟ್ಯಾನಿನ್ ತೆಗೆದ ಮೇಲೂ ಸಾರ ಕಿಣ್ವವನ್ನು ತಡೆಯುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯೋದನ್ನು ಹುಡುಕುವವರ ದಾರಿ ಬೇರೆ. ಕಾಳಿನ ಬೌಮನ್-ಬಿರ್ಕ್ ತಡೆಗಾರ ಸುಮಾರು 8,000 ಡಾಲ್ಟನ್ ತೂಗುವ ಪ್ರೋಟೀನ್. ಯಂತ್ರ ತೂಕವನ್ನು ಚಾರ್ಜ್‌ನಿಂದ ಭಾಗಿಸಿ ತೋರಿಸುತ್ತದೆ, ಹಾಗಾಗಿ ಐದು ಚಾರ್ಜ್ ಹೊತ್ತರೆ ಅದು 1,601ರ ಹತ್ತಿರ ಕಾಣಿಸುತ್ತದೆ, 8,000ದಲ್ಲಿ ಹುಡುಕಿದರೆ ಸಿಗಲ್ಲ.

ಇನ್ನೊಂದು. ಅಕಾರ್ಬೋಸ್ ಅನ್ನೋದು ಇದೇ ಕಿಣ್ವವನ್ನು ತಡೆಯುವ ಸಕ್ಕರೆ ಕಾಯಿಲೆಯ ಮಾತ್ರೆ. ‘ಅಕಾರ್ಬೋಸ್‌ಗಿಂತ ನಮ್ಮ ಹುರುಳಿ ಮೇಲು’ ಅಂತ ಬರೆಯೋ ಆಸೆ ಬರುತ್ತದೆ, ತಡೆದುಕೊಳ್ಳಿ. ಯೀಸ್ಟ್‌ನಿಂದ ತೆಗೆದ ಆಲ್ಫಾ ಗ್ಲುಕೋಸಿಡೇಸ್ ಮೇಲೆ ಅಕಾರ್ಬೋಸ್ ತುಂಬಾ ದುರ್ಬಲ, ಕರುಳಿನ ಕಿಣ್ವದ ಮೇಲೇ ಅದರ ಜೋರು. ನಿಮ್ಮ ಕಿಣ್ವದ ಬಾಟಲಿ ಮೇಲೆ ಏನು ಬರೆದಿದೆ, ನೋಡಿ ಹೇಳಿ.