ಕೊಳವೆಬಾವಿ ನೀರಿಗೆ ಸಾಬೂನಿನ ಶಾಂಪೂ ಬೇಡ

ಮನೆಯಲ್ಲೇ ಮಾಡಿದ ಲಿಕ್ವಿಡ್ ಸೋಪ್ ಹಾಕಿ ತಲೆ ತೊಳೆದರೂ ಕೂದಲಿನ ಜಿಡ್ಡು ಹೋಗುತ್ತಿಲ್ಲ, ಎಣ್ಣೆಯನ್ನು ಸಾಬೂನಾಗಿಸುವ ಕ್ಷಾರವನ್ನು, ಅಂದರೆ ಕಾಸ್ಟಿಕ್ ಅನ್ನು, ಇನ್ನಷ್ಟು ಹೆಚ್ಚಿಸಲೇ ಎಂದು ಕೇಳಿದ್ದೀರಿ. ಖಂಡಿತ ಹೆಚ್ಚಿಸಬೇಡಿ. ನಾಲ್ಕು ವರ್ಷಗಳ ಹಿಂದೆ ನಾನು ಅದನ್ನೇ ಮಾಡಿದೆ.

ಆಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆಗೆ ಇದ್ದೆವು. ಬೆಳಿಗ್ಗೆ ತಲೆ ಎರೆದುಕೊಂಡರೆ ಸಂಜೆಯ ಹೊತ್ತಿಗೆ ನನ್ನ ನೆತ್ತಿ ಎಣ್ಣೆ ಹಚ್ಚಿದಂತಾಗುತ್ತಿತ್ತು. ಶಾಂಪೂವಿನ ಬದಲು ಲಿಕ್ವಿಡ್ ಸೋಪ್ ಮಾಡಿಕೊಳ್ಳಲೆಂದು 500 ಗ್ರಾಂ ಕೊಬ್ಬರಿ ಎಣ್ಣೆ ತಂದೆ. ಅಷ್ಟು ಎಣ್ಣೆಗೆ ಕಾಸ್ಟಿಕ್, ಅಂದರೆ ಶುದ್ಧ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸುಮಾರು 128 ಗ್ರಾಂ ಸಾಕು. ನನಗೆ ಸಿಕ್ಕಿದ್ದು ಶೇ. 90ರಷ್ಟು ಶುದ್ಧವಾದದ್ದು, ಹಾಗಾಗಿ ಲೆಕ್ಕ 142ಕ್ಕೆ ಬಂತು. ಅದರಲ್ಲೂ ನಾಲ್ಕೈದು ಗ್ರಾಂ ಕಡಿಮೆ ಹಾಕಿ ಕಾಯಿಸಿ, ಮುಲಾಮಿನಂತಾದ ಸಾಬೂನನ್ನು ನೀರಿನಲ್ಲಿ ಕರಗಿಸಿದೆ. ಮೊದಲ ಸಲ ಎರೆದುಕೊಂಡಾಗ ಕೂದಲು ಎಷ್ಟು ಹಗುರಾಯಿತೆಂದರೆ, ಅಕ್ಕನಿಗೂ ಒಂದು ಬಾಟಲಿ ಕಳಿಸಿದೆ.

ಆ ದಿನ ನಲ್ಲಿಯಲ್ಲಿ ಮಲಪ್ರಭೆಯ ನೀರು ಬಂದಿತ್ತು. ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ನಮ್ಮ ಓಣಿಗೆ ಹೊಳೆನೀರು ಬರುತ್ತಿದ್ದುದು ವಾರಕ್ಕೊಮ್ಮೆ; ಉಳಿದ ದಿನ ಸ್ನಾನಕ್ಕೆ ಕೊಳವೆಬಾವಿಯ ನೀರು. ಎರಡನೆಯ ಸಲ ಕೂದಲು ಮೇಣ ಸವರಿದಂತೆ ಅಂಟಿಕೊಂಡಿತು, ಬಾಚಣಿಗೆಯ ಹಲ್ಲುಗಳಲ್ಲಿ ಬೂದು ಬಣ್ಣದ ಜಿಡ್ಡು ಸಿಕ್ಕಿಕೊಂಡಿತು. ಸಾಬೂನಿನಲ್ಲಿ ಎಣ್ಣೆ ಉಳಿದಿದೆ ಎಂದುಕೊಂಡು ಮುಂದಿನ ಸಲ ಕಾಸ್ಟಿಕ್ ಲೆಕ್ಕಕ್ಕಿಂತ ಹೆಚ್ಚೇ ಹಾಕಿದೆ. ನೆತ್ತಿ ಉರಿಯಿತು, ಕಿವಿಯ ಹಿಂದೆ ಚರ್ಮ ಸುಲಿಯಿತು, ಜಿಡ್ಡು ಮಾತ್ರ ಹೋಗಲಿಲ್ಲ. ಉರಿ ತಗ್ಗಲೆಂದು ಬಾಟಲಿಗೇ ನಿಂಬೆರಸ ಹಿಂಡಿದೆ. ಹುಳಿ ಬಿದ್ದರೆ ಸಾಬೂನು ಒಡೆಯುತ್ತದೆ, ಅದರೊಳಗಿನ ಕೊಬ್ಬಿನಾಮ್ಲ ಬೇರೆಯಾಗಿ ತೇಲುತ್ತದೆ. ಆ ತೇಲಿದ್ದನ್ನೂ ಕಲಕಿ ತಲೆಗೆ ಹಾಕಿಕೊಂಡೆ.

ಗದಗ ಜಿಲ್ಲೆಯ ತವರಿಗೆ ಹೋದಾಗ ಅವ್ವ ನನ್ನ ತಲೆ ಮುಟ್ಟಿ ನೋಡಿ, ಹಂಡೆಯ ಒಳಗೆ ಬೆಳ್ಳಗೆ ಹತ್ತಿದ್ದ ಸುಣ್ಣವನ್ನು ತೋರಿಸಿದಳು. "ಈ ನೀರಿನಲ್ಲಿ ತೊಗರಿಬೇಳೆಯೇ ಬೇಯುವುದಿಲ್ಲ, ನಿನ್ನ ಸಾಬೂನು ಏನು ಮಾಡೀತು?" ಎಂದಳು.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಅವು ಸಾಬೂನಿನ ಜೊತೆ ಸೇರಿ ನೀರಿನಲ್ಲಿ ಕರಗದ ಅಂಟಾಗಿ ಕೂದಲನ್ನು ಹಿಡಿಯುತ್ತವೆ. ಸಾಬೂನು ಹೆಚ್ಚಿಸಿದಷ್ಟೂ ಅಂಟು ಹೆಚ್ಚುತ್ತದೆ. ನಿಮ್ಮ ಕೈಗೆ ಹತ್ತುತ್ತಿರುವುದು ಬಹುಶಃ ಇದೇ. ಕಾಸ್ಟಿಕ್ ಎಷ್ಟು ಸುರಿದರೂ ಇದು ಹೋಗದು. ಕೊನೆಗೆ ನಿಂಬೆ ನೀರು ಹೊಯ್ದುಕೊಂಡರೆ ಸ್ವಲ್ಪ ಬಿಡುತ್ತದೆ, ಪೂರ್ತಿ ಬಿಡುವುದಿಲ್ಲ. ಅಂಗಡಿಯ ಶಾಂಪೂ ಹೀಗೆ ಅಂಟುವುದಿಲ್ಲ, ಏಕೆಂದರೆ ಅದರಲ್ಲಿರುವುದು ಸಾಮಾನ್ಯವಾಗಿ ಸಾಬೂನಲ್ಲ, ಡಿಟರ್ಜೆಂಟ್.

ಆದ್ದರಿಂದ ಶಾಂಪೂ ಎಂದು ಲಿಕ್ವಿಡ್ ಸೋಪ್ ಮಾಡುವ ಯೋಚನೆಯನ್ನೇ ಬಿಡಿ ಎನ್ನುತ್ತೇನೆ. ಎಂಟು ಹತ್ತು ಅಂಟುವಾಳ ಕಾಯಿಗಳ ಬೀಜ ತೆಗೆದು, ಎರಡು ಚಮಚ ಸೀಗೆಪುಡಿಯೊಂದಿಗೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ, ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಇಡಲಾಗುವುದಿಲ್ಲ. ನೊರೆ ಕಡಿಮೆ ಬಂದರೂ ಗಡಸು ನೀರಿನಲ್ಲಿ ಅಂಟು ಕಟ್ಟುವುದಿಲ್ಲ.

ನನ್ನ ಮಾತಿನ ಮೇಲೆ ನಂಬಿಕೆ ಬಾರದಿದ್ದರೆ ಎರಡು ಬಾಟಲಿಗಳಲ್ಲಿ ಹೊಳೆನೀರು, ಕೊಳವೆಬಾವಿ ನೀರು ಬೇರೆ ಬೇರೆ ತುಂಬಿ, ನಿಮ್ಮ ಸಾಬೂನನ್ನು ಐದೈದು ಹನಿ ಹಾಕಿ ಅಲುಗಾಡಿಸಿ. ಎರಡನೆಯದು ಮಜ್ಜಿಗೆಯಂತೆ ಕದಡಿ ಮೇಲೆ ಕೆನೆ ಕಟ್ಟಿದರೆ ಕಾರಣ ನೀರೇ. ಕಾಸ್ಟಿಕ್ ಹೆಚ್ಚಾದ ಸಾಬೂನಿದ್ದರೆ ತಲೆಗೆ ಮುಟ್ಟಿಸಬೇಡಿ. ಲೆಕ್ಕ ಸರಿಯಿದ್ದುದನ್ನು ಮಳೆಗಾಲಕ್ಕೆ ಎತ್ತಿಡಿ. ಮಾಳಿಗೆಯ ಮಳೆನೀರು ಕೊಡಕ್ಕೆ ತುಂಬಿದ ದಿನ ನಾನು ಈಗಲೂ ಅದರಿಂದಲೇ ಎರೆದುಕೊಳ್ಳುತ್ತೇನೆ.