ಪ್ರತಿಕ್ರಿಯೆ: ಪಟ್ಟು ಕಲಿಸುವ ಕೈ ಮತ್ತು ಕಲಿಸದ ಕೈ

ವಿಜಯನಗರದ ಕೇಂದ್ರವೊಂದರಲ್ಲಿ ಜೂಡೋ ಕಲಿಯುತ್ತಿರುವ ನಿಮ್ಮ 16 ವರ್ಷದ ಮಗಳಿಗೆ ಕೋಚ್ ಮುಟ್ಟುವ ರೀತಿ ಸರಿಯೆನಿಸುತ್ತಿಲ್ಲ, ಮೈಗೆ ಮೈ ತಾಗುವ ಆಟದಲ್ಲಿ ಇದಕ್ಕೆ ದೂರು ಕೊಡಲು ಬರುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ.

ಬಸವನಗುಡಿಯಲ್ಲಿ ಕೆಲವು ವರ್ಷ ಇದೇ ಆಟ ಕಲಿತವಳಾಗಿ ಹೇಳುತ್ತೇನೆ: ಕೈ ಎಲ್ಲಿಗೆ ಹೋಗಬೇಕೆಂಬುದಕ್ಕೆ ಇಲ್ಲಿ ಲೆಕ್ಕವಿದೆ. ಹಿಡಿತವೆಲ್ಲ ಹೆಚ್ಚಾಗಿ ಕೊರಳಪಟ್ಟಿ, ತೋಳು, ಬೆಲ್ಟಿನ ಮೇಲೆ. ನೆಲದ ಪಟ್ಟಿನಲ್ಲಿ ಸಿಕ್ಕಿಬಿದ್ದವರು ಅಂಗೈಯಿಂದ ಎರಡು ಬಾರಿ ತಟ್ಟಿದೊಡನೆ ಎದುರಿನವರು ಬಿಡಲೇಬೇಕು. ತಟ್ಟಿದ ಮೇಲೂ ಬಿಡದವನು, ಎಲ್ಲರೆದುರು ತೋರಿಸಬಹುದಾದ ಪಟ್ಟಿಗೆ ಹುಡುಗಿಯೊಬ್ಬಳನ್ನೇ ತರಗತಿ ಮುಗಿದ ಮೇಲೆ ನಿಲ್ಲಿಸಿಕೊಳ್ಳುವವನು ಕಲಿಸುತ್ತಿಲ್ಲ.

ಮಗಳಿಗೆ 18 ತುಂಬದ ಕಾರಣ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಮಗುವಿನ ವಿಶ್ವಾಸ ಗಳಿಸಿದ ಅಥವಾ ಅಧಿಕಾರ ಹೊಂದಿದ ಸ್ಥಾನದಲ್ಲಿರುವವನು ಲೈಂಗಿಕ ಉದ್ದೇಶದಿಂದ ಮುಟ್ಟಿದ್ದು ಸಾಬೀತಾದರೆ ಕನಿಷ್ಠ 5 ವರ್ಷ ಸೆರೆವಾಸವಿದೆ. ಅವಳು ಠಾಣೆಗೆ ಹೋಗಬೇಕಿಲ್ಲ. ಸಮವಸ್ತ್ರ ಧರಿಸದ ಪೊಲೀಸ್ ಅಧಿಕಾರಿಯೇ, ಸಾಧ್ಯವಾದಷ್ಟೂ ಮಹಿಳೆಯೇ, ಮನೆಗೆ ಬಂದು ಹೇಳಿಕೆ ಪಡೆಯಬಹುದು. ಮೊದಲ ಕರೆಯನ್ನು ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿದರೂ ಆದೀತು.

ಸಿಬ್ಬಂದಿ ನಾಲ್ಕೇ ಜನ, ದೂರು ಸಮಿತಿಯೇ ಇಲ್ಲ ಎಂದಿದ್ದೀರಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕ್ರೀಡಾ ತರಬೇತಿ ಕೇಂದ್ರವೂ ಕೆಲಸದ ಸ್ಥಳವೇ, ಮತ್ತು ಹತ್ತಕ್ಕಿಂತ ಕಡಿಮೆ ಜನರಿದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು.

ಇಂದೇ ಅವಳ ಮಾತಿನಲ್ಲೇ ದಿನಾಂಕ, ಹೊತ್ತು, ಅಲ್ಲಿದ್ದವರ ಹೆಸರು ಬರೆದಿಡಿ. ದೂರು ಮುಂದೆ ಸಾಗಲು ಹೊತ್ತು ಹಿಡಿಯಬಹುದು: ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟುಗಳೇ 2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರೂ ಎಫ್‌ಐಆರ್ ದಾಖಲಾಗಲು ಏಪ್ರಿಲ್ ಬರಬೇಕಾಯಿತು.