ಎರೆಹುಳುವಿಗೆ ಪಿಯಾನೋ ಕೇಳಿಸಿದವರು

ಪ್ರಿಯ ಓದುಗರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಉತ್ತರ ಬರೆಯೋಣ ಅಂತ ಕಪಾಟಿನಿಂದ ಒಂದೊಂದೇ ಪುಸ್ತಕ ತೆಗೆದೆ. ತೆಗೆದದ್ದನ್ನೆಲ್ಲ ಮತ್ತೆ ಓದುತ್ತ ಕೂತುಬಿಟ್ಟೆ.

ಕತೆ, ಕಾದಂಬರಿ ಎಷ್ಟು ಕೊಟ್ಟರೂ ಓದುತ್ತೀರಿ, ಆದರೆ ಕಥೇತರ ಪುಸ್ತಕ ಹಿಡಿದರೆ ಪರೀಕ್ಷೆಗೆ ಓದಿದ ಹಾಗಾಗುತ್ತದೆ, ಐವತ್ತನೇ ಪುಟಕ್ಕೆ ಮುಚ್ಚಿಡುತ್ತೀರಿ ಅಂತ ಬರೆದಿದ್ದೀರಿ. ಎಲ್ಲರೂ ಹೇಳುವ ಉದ್ದ ಪಟ್ಟಿ ಬೇಡ, ನೀವು ಮತ್ತೆ ಮತ್ತೆ ಓದುವ ನಾಲ್ಕೈದು ಪುಸ್ತಕ ಹೇಳಿ, ಯಾಕೆ ಇಷ್ಟ ಅನ್ನೋದನ್ನೂ ಹೇಳಿ ಅಂದಿದ್ದೀರಿ. ಕೊನೆಗೆ, ಹೈಸ್ಕೂಲಿನಲ್ಲಿ ಓದುವ ಮಗಳಿಗೆ ಇವುಗಳಲ್ಲಿ ಯಾವುದು ಕೊಡಲಿ ಅಂತಲೂ ಕೇಳಿದ್ದೀರಿ.

ಮೊದಲು ಡಾರ್ವಿನ್. ವಿಕಾಸವಾದದ ಆ ದಪ್ಪ ಪುಸ್ತಕವಲ್ಲ, ಗಾಬರಿಯಾಗಬೇಡಿ. ಅವನ ಕೊನೆಯ ಪುಸ್ತಕ ಎರೆಹುಳುಗಳ ಬಗ್ಗೆ. 1881ರಲ್ಲಿ ಬಂತು. ಮರುವರ್ಷ ಅವನು ತೀರಿಕೊಂಡ. ಪ್ರಪಂಚವೇ ಹೆಸರು ಬಲ್ಲ ವಿಜ್ಞಾನಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಓದುವ ಕೋಣೆಯಲ್ಲಿ ಮಣ್ಣಿನ ಕುಂಡ ಇಟ್ಟುಕೊಂಡು ಹುಳುಗಳನ್ನು ನೋಡುತ್ತ ಕೂತಿದ್ದ. ಹುಳುಗಳಿಗೆ ಕಿವಿ ಕೇಳಿಸುತ್ತದಾ ಅನ್ನೋದು ಅವನ ಪ್ರಶ್ನೆ. ಕೂಗಿ ನೋಡಿದರು, ಸೀಟಿ ಊದಿದರು, ಬಸೂನ್ ಅನ್ನುವ ದೊಡ್ಡ ವಾದ್ಯವನ್ನು ಜೋರಾಗಿ ನುಡಿಸಿದರು. ಹುಳುಗಳು ಅಲ್ಲಾಡಲಿಲ್ಲ. ಆಮೇಲೆ ಕುಂಡಗಳನ್ನು ಪಿಯಾನೋ ಮೇಲೆ ಇಟ್ಟು ಒಂದು ಸ್ವರ ಒತ್ತಿದರು. ಸರಕ್ಕನೆ ಬಿಲದೊಳಗೆ ಹೋದವು. ಕೇಳಿಸುವುದಿಲ್ಲ, ಆದರೆ ಅದುರಿದರೆ ಗೊತ್ತಾಗುತ್ತದೆ.

ಅಷ್ಟಕ್ಕೇ ಬಿಡಲಿಲ್ಲ. ಹುಳು ತನ್ನ ಬಿಲದ ಬಾಯಿಗೆ ಎಲೆ ಎಳೆದುಕೊಳ್ಳುತ್ತದಲ್ಲ, ಸುಮ್ನೆ ಸಿಕ್ಕಿದ ಕಡೆ ಹಿಡಿದು ಎಳೆಯುತ್ತದಾ, ಅಥವಾ ಸುಲಭವಾಗಿ ಒಳಗೆ ಹೋಗುವ ತುದಿ ಹುಡುಕುತ್ತದಾ? ಕಾಗದದಲ್ಲಿ ಉದ್ದನೆಯ ತ್ರಿಕೋನಗಳನ್ನು ಕತ್ತರಿಸಿ, ಒದ್ದೆಯಾಗಿ ಹಾಳಾಗದಿರಲಿ ಅಂತ ಕೊಬ್ಬು ಸವರಿ ಇಟ್ಟ. 303 ತ್ರಿಕೋನಗಳನ್ನು ನೋಡಿ ಲೆಕ್ಕ ಬರೆದ. ನೂರಕ್ಕೆ 62ನ್ನು ಹುಳುಗಳು ಚೂಪು ತುದಿಯಿಂದಲೇ ಎಳೆದಿದ್ದವು. ಕಣ್ಣಿಲ್ಲದ ಒಂದು ಜೀವಕ್ಕೆ ಅಷ್ಟೋ ಇಷ್ಟೋ ಬುದ್ಧಿ ಇದೆ ಅಂತ ಹೇಳುವುದಕ್ಕೆ ಮುಂಚೆ ಈ ಮನುಷ್ಯ ಎಷ್ಟು ಕಷ್ಟಪಟ್ಟ ನೋಡಿ!

ಇನ್ನೊಂದು ಇದೆ, ಅದು ನನಗೆ ಇದಕ್ಕಿಂತ ಇಷ್ಟ. 1842ರಲ್ಲಿ ಒಂದು ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರು ಹರಡಿಸಿದ್ದ. 1871ರಲ್ಲಿ, ಅಂದರೆ 29 ವರ್ಷ ಬಿಟ್ಟು, ಅಲ್ಲೇ ಅಗೆಸಿದ. ಏಳು ಇಂಚು ಕೆಳಗೆ ಬಿಳಿ ಗೆರೆಯ ಹಾಗೆ ಸುಣ್ಣ ಸಿಕ್ಕಿತು. ಅಷ್ಟೂ ಮಣ್ಣನ್ನು ಹುಳುಗಳು ಮೇಲಕ್ಕೆ ತಂದು ಹಾಕಿದ್ದವು. ಒಂದು ಸಾಲು ಬರೆಯುವುದಕ್ಕೆ 29 ವರ್ಷ ಕಾದದ್ದು. ನನಗೆ ಇಷ್ಟವಾದ ಕಥೇತರ ಪುಸ್ತಕಗಳಲ್ಲೆಲ್ಲ ಇರುವುದು ಇದೇ ಗುಣ. ಬರೆದವರು ತಾವೇ ಕೂತು ನೋಡಿದ್ದಾರೆ, ಗೊತ್ತಾಗುವ ತನಕ ಕಾದಿದ್ದಾರೆ. ಯಶಸ್ಸಿನ ಗುಟ್ಟು ಹೇಳಿಕೊಡುವ ಪುಸ್ತಕಗಳೂ ಈ ಕಚೇರಿಗೆ ಬಹಳ ಬರುತ್ತವೆ. ನಾನು ಓದಿದವುಗಳಲ್ಲಿ ಬರೆದವರು ಏನು ನೋಡಿದರು ಅಂತ ಹುಡುಕಿ ಹುಡುಕಿ ಸಾಕಾಯಿತು.

ಎರಡನೆಯದು ಅಮೆರಿಕದ ಪತ್ರಕರ್ತ ಜಾನ್ ಹರ್ಸಿಯ ‘ಹಿರೋಶಿಮಾ’. ಬಾಂಬು ಬಿದ್ದ ಮರುವರ್ಷ ಬರೆದದ್ದು. ಬದುಕುಳಿದ ಆರು ಜನ, ಅವರಿಗೆ ಆ ದಿನ, ಅದರ ಮುಂದಿನ ದಿನಗಳಲ್ಲಿ ಏನಾಯಿತು, ಅಷ್ಟೇ. 1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ಕಾರ್ಖಾನೆಯೊಂದರಲ್ಲಿ ಗುಮಾಸ್ತೆಯಾಗಿದ್ದ ಹುಡುಗಿ ಪಕ್ಕದ ಮೇಜಿನವಳ ಹತ್ತಿರ ಏನೋ ಹೇಳಲು ಕತ್ತು ತಿರುಗಿಸುತ್ತಿದ್ದಾಳೆ. ಮರುಕ್ಷಣ ಹಿಂದಿದ್ದ ಪುಸ್ತಕದ ಕಪಾಟುಗಳು ಅವಳ ಮೇಲೆ. ಹರ್ಸಿ ಎಲ್ಲೂ ದನಿ ಎತ್ತುವುದಿಲ್ಲ, ಓದುವ ನಮಗೇ ಕೈ ನಡುಗುತ್ತದೆ. ನಾಲ್ಕು ಕಂತಿನಲ್ಲಿ ಬರಬೇಕಿದ್ದ ಆ ಬರಹಕ್ಕೆ ‘ನ್ಯೂಯಾರ್ಕರ್’ ಪತ್ರಿಕೆ 1946ರ ಆಗಸ್ಟ್ 31ರ ಇಡೀ ಸಂಚಿಕೆಯನ್ನು ಬಿಟ್ಟುಕೊಟ್ಟಿತು. ಆ ಸಂಪಾದಕರ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಲ್ಲದೆ ನನ್ನ ಪಟ್ಟಿ ಪೂರ್ತಿಯಾಗದು. ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡಿಗೆ ಹೋಗುವ ಪುಸ್ತಕ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಹುಡುಗರ ತರಲೆಗೆ ನೀವು ನಗುತ್ತಿರುತ್ತೀರಿ, ಅಷ್ಟರಲ್ಲಿ ಒಂದು ಗಿಡದ ಗುರುತು ಹಿಡಿಯೋದು ಕಲಿತಿರುತ್ತೀರಿ. ಪಾಠ ಅಂದರೆ ಬೇಸರ ಅಂದಿರಲ್ಲ, ನೀವು ಇದರಿಂದಲೇ ಶುರುಮಾಡಿ. ಮೊದಲ ಪುಟದಿಂದಲೇ ಓದಬೇಕು ಅಂತೇನಿಲ್ಲ.

ಇನ್ನು ಮಗಳ ವಿಷಯ. ಅವಳಿಗೆ ಆನ್ ಫ್ರಾಂಕಳ ದಿನಚರಿ ಕೊಡಿ. ಹದಿಮೂರನೇ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕದಲ್ಲಿ ಬರೆಯಲು ಶುರುಮಾಡಿದ ಹುಡುಗಿ ಅನ್ನೋದು ಎಲ್ಲರಿಗೂ ಗೊತ್ತು. ಅವಳು ಅದನ್ನು ತಾನೇ ತಿದ್ದಿ ಬರೆದಳು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. 1944ರ ಮಾರ್ಚ್‌ನಲ್ಲಿ, ನಾಜಿಗಳ ಕೈಗೆ ಸಿಗದಂತೆ ಮನೆಯವರೊಂದಿಗೆ ಬಚ್ಚಿಟ್ಟುಕೊಂಡಿದ್ದ ಅಡಗುತಾಣದ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರ ಮಾತು ಕೇಳಿಸಿತು. ಯುದ್ಧ ಮುಗಿದ ಮೇಲೆ ಜನರ ದಿನಚರಿ, ಪತ್ರಗಳನ್ನೆಲ್ಲ ಒಟ್ಟುಮಾಡಬೇಕು ಅಂದರು. ಅವಳು ಬಿಡಿ ಹಾಳೆಗಳ ಮೇಲೆ ಎಲ್ಲವನ್ನೂ ಹೊಸದಾಗಿ ಬರೆಯಲು ಕೂತಳು. ಕೆಲವು ಕಡೆ ಹೊಡೆದುಹಾಕಿದಳು, ಕೆಲವು ಕಡೆ ಸೇರಿಸಿದಳು. ಹೊರಗೆ ಯುದ್ಧ ನಡೆಯುತ್ತಿರುವಾಗ, ಹದಿನೈದು ತುಂಬುವ ಮೊದಲೇ, ತನ್ನ ವಾಕ್ಯ ಚೆನ್ನಾಗಿರಬೇಕು ಅಂತ ಒದ್ದಾಡಿದ ಹುಡುಗಿ. ಆಗಸ್ಟ್ 4ರಂದು ಸಿಕ್ಕಿಬಿದ್ದಾಗ ಆ ಕೆಲಸ ಇನ್ನೂ ಮುಗಿದಿರಲಿಲ್ಲ.

ಮಗಳಿಗೆ ಕೊಡುವಾಗ ‘ತುಂಬ ದೊಡ್ಡ ಪುಸ್ತಕ’ ಅಂತ ಹೇಳಬೇಡಿ. ನಿನ್ನ ವಯಸ್ಸಿನವಳೇ ಬರೆದದ್ದು ಅನ್ನಿ, ಸಾಕು. ಜೊತೆಗೆ ಒಂದು ಖಾಲಿ ನೋಟ್‌ಬುಕ್ ಕೂಡ ಇಟ್ಟುಕೊಡಿ.

ವಿಶ್ವಾಸದಿಂದ,
ಸಂಪಾದಕ